ನನ್ನ ದೃಷ್ಟಿ ತಾಗಿದ ಚಿತ್ರಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಅದೂ ಎಪ್ಪತ್ತೊಂದು ವರ್ಷದ, ಬೆನ್ನು ಬಾಗಿದ, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವ ಒಬ್ಬ ಹೆಂಗಸಿನ ಮೇಲೆ. ಅವಳ ಹತ್ತಿರ ಕಾರಿಲ್ಲ, ಮನೆಯಲ್ಲಿ ಮಾತಾಡಲು ಇನ್ನೊಂದು ಜೀವವಿಲ್ಲ, ಚಳಿಗಾಲದಲ್ಲಿ ಹೀಟರ್ ಹಾಕುವ ಬದಲು ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಳ್ಳುತ್ತಾಳೆ. ನನಗೆ ಗಂಡ ಇದ್ದಾರೆ, ಮಗಳಿದ್ದಾಳೆ, ಬೆಚ್ಚಗಿನ ಮನೆ ಇದೆ. ಆದರೂ ಅವಳ ಫ್ಲ್ಯಾಟಿಗೆ ಹೋಗಿ ಬಂದ ದಿನ ನನಗೆ ಊಟ ಸೇರುವುದಿಲ್ಲ.

ಅವಳು ಹಂಗೇರಿಯವಳು. ಚಿತ್ರ ಬರೆಯುತ್ತಾಳೆ. ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಕಟ್ಟಡದಲ್ಲಿ ನಾವು ಎರಡನೇ ಮಹಡಿ, ಅವಳು ನಾಲ್ಕನೇದು. ಹನ್ನೊಂದು ವರ್ಷ ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿದು, ಹವೆಯ ಬಗ್ಗೆ ಎರಡು ಮಾತಾಡಿ, ಅಷ್ಟಕ್ಕೇ ಮುಗಿಸಿದ್ದೆವು. ನಿಜವಾದ ಪರಿಚಯವಾದದ್ದು ಹತ್ತಿರದ ಎಜ್‌ವೇರಿನಲ್ಲಿ, ಗುರುವಾರ ಬೆಳಿಗ್ಗೆ ನಡೆಯುವ ದೊಡ್ಡವರ ಚಿತ್ರಕಲೆ ತರಗತಿಯಲ್ಲಿ.

ಅವಳು ಬರುವ ತನಕ ಆ ತರಗತಿಗೆ ನಾನೇ ರಾಣಿ. ಸುಮ್ಮನೆ ಅಲ್ಲ. ಧಾರವಾಡದಲ್ಲಿ ಚಿತ್ರಕಲೆಯ ಡಿಪ್ಲೊಮಾ ಮಾಡಿದವಳು ನಾನು. ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬಣ್ಣದ ಡಬ್ಬಿ ವಾರ್ಡ್‌ರೋಬಿನ ಮೇಲೆ ಕೂತಿತು, ಇಪ್ಪತ್ತು ವರ್ಷ ಕೂತೇ ಇತ್ತು. ಮಗಳು ದೊಡ್ಡವಳಾಗಿ ನನ್ನ ಅಗತ್ಯ ಕಡಿಮೆಯಾದಾಗ ಅದನ್ನು ಇಳಿಸಿದೆ. ಟ್ಯೂಬುಗಳೆಲ್ಲ ಕಲ್ಲಾಗಿದ್ದವು. ಆದರೆ ಕೈ ಮರೆತಿರಲಿಲ್ಲ. ತರಗತಿಯಲ್ಲಿ ಉಳಿದವರು ನಿವೃತ್ತಿಯಾದ ಮೇಲೆ ಹೊತ್ತು ಕಳೆಯಲು ಬರುವವರು. ಬೆಕ್ಕು ಬರೆದರೆ ನರಿಯಾಗುತ್ತಿತ್ತು. ನಾನು ತಾಮ್ರದ ಬಿಂದಿಗೆ ಬರೆದು, ಅದರ ಹೊಟ್ಟೆಯ ಮೇಲೆ ಕಿಟಕಿಯ ಬೆಳಕು ಹೊಳೆಯುವಂತೆ ಮಾಡಿದರೆ, ಎಲ್ಲರೂ ತಮ್ಮ ಬ್ರಶ್ ಕೆಳಗಿಟ್ಟು ಬಂದು ನೋಡುತ್ತಿದ್ದರು. ಮೇಷ್ಟ್ರು ಕೋಲಿನಂಥ ಇಂಗ್ಲಿಷ್ ಹುಡುಗ. “ಲವ್ಲಿ” ಎನ್ನುತ್ತಿದ್ದ. ಆ “ಲವ್ಲಿ”ಯನ್ನು ನಾನು ಗುರುವಾರದಿಂದ ಗುರುವಾರದವರೆಗೆ ಮೆಲುಕು ಹಾಕುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ಹಂಗೇರಿಯಾಕೆ ಬಂದ ಮೊದಲ ದಿನ ಮೂಲೆಯಲ್ಲಿ ಕೂತಳು. ಕ್ಯಾನ್‌ವಾಸ್ ಕೂಡ ತಂದಿರಲಿಲ್ಲ, ಯಾವುದೋ ಪಾರ್ಸೆಲ್ಲಿನ ರಟ್ಟು. ಅದರ ಮೇಲೆ ಅಗಲ ಬ್ರಶ್ಶಿನಿಂದ, ಗೋಡೆಗೆ ಸುಣ್ಣ ಹೊಡೆದ ಹಾಗೆ, ಬಳಿಯತೊಡಗಿದಳು. ನಾನು ಮನಸ್ಸಿನಲ್ಲೇ ನಕ್ಕೆ. ಮೇಷ್ಟ್ರು ಎಲ್ಲರಿಗೂ “ಲವ್ಲಿ” ಹಂಚುತ್ತ ಬಂದವನು ಅವಳ ಬೆನ್ನ ಹಿಂದೆ ನಿಂತ. ಏನೂ ಹೇಳಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಹುಡುಗ ಬಾಯಿಯೇ ಬಿಡಲಿಲ್ಲ. ನಾನು ಎದ್ದು, ನೀರು ಬದಲಿಸುವ ನೆಪದಲ್ಲಿ ಹೋಗಿ ನೋಡಿದೆ. ರಟ್ಟಿನ ಮೇಲೆ ನಮ್ಮ ನೂರ ಎಂಬತ್ತಮೂರನೇ ನಂಬರಿನ ಬಸ್ಸಿನ ಕಿಟಕಿ. ಕಿಟಕಿಯೂ ಅಲ್ಲ, ಕಿಟಕಿಯಲ್ಲಿ ಕದಲುವ ಕೆಂಪು, ಕಂದು, ಬೂದು. ನಾನು ದಿನಾ ಕೂರುವ ಬಸ್ಸು ಅದು. ಆವತ್ತು ಆ ಹುಡುಗ ನನ್ನ ಬಿಂದಿಗೆಯ ಹತ್ತಿರ ಬಂದು “ಲವ್ಲಿ” ಎಂದಾಗ ಬಿಂದಿಗೆಯನ್ನು ಅವನ ತಲೆಗೇ ಕವುಚಬೇಕು ಅನ್ನಿಸಿತು.

ಅದೇ ಸಂಜೆ ಲಿಫ್ಟಿನಲ್ಲಿ ಸಿಕ್ಕಳು. ಅವಳ ಇಂಗ್ಲಿಷ್ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಮೊಟಕು ಮೊಟಕು.

“ನೀನು ನನ್ನ ಚಿತ್ರ ನೋಡಿದೆ. ನಿನಗೆ ಸಿಟ್ಟು ಬಂತು,” ಎಂದಳು.

“ಇಲ್ಲಪ್ಪ, ತುಂಬ ಚೆನ್ನಾಗಿತ್ತು,” ಎಂದೆ.

“ಬಾ. ಕಾಫಿ.”

ಹೀಗೆ ಶುರುವಾಯಿತು. ಅವಳ ಫ್ಲ್ಯಾಟಿನ ಹಾಲಿನಲ್ಲಿ ಸೋಫಾ ಇಲ್ಲ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಮುಖ ಮಾಡಿ ಒರಗಿಸಿದ ಕ್ಯಾನ್‌ವಾಸುಗಳ ಸಾಲು. ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿದಾಗ ಡಿಪ್ಲೊಮಾ ದಿನಗಳು ನೆನಪಾದವು. ಗಸಗಸೆ ತುಂಬಿದ ಕೇಕು ಕೊಟ್ಟಳು. ನಮ್ಮಲ್ಲಿ ಗಸಗಸೆಯಿಂದ ಪಾಯಸ ಮಾಡುತ್ತೇವೆ ಎಂದೆ. “ಹಾಗಾದರೆ ನಾವು ನೆಂಟರು,” ಎಂದಳು. ಆಮೇಲೆ ಒಂದೊಂದೇ ಕ್ಯಾನ್‌ವಾಸ್ ತಿರುಗಿಸಿ ತನ್ನ ಬದುಕು ಹೇಳಿದಳು.

ಎಲ್ಲಕ್ಕಿಂತ ಹಿಂದಿನವು ಊರಿನ ಚಿತ್ರಗಳು. ಹಂಗೇರಿಯ ಬಯಲುಸೀಮೆಯ ಹಳ್ಳಿ, ಅಜ್ಜಿ ಸಾಕಿದ ಹುಡುಗಿ. ಸೂರಿನಿಂದ ಇಳಿಬಿಟ್ಟ ಕೆಂಪು ಮೆಣಸಿನಕಾಯಿ ಸರಗಳು, ಕಪ್ಪು ಬಟ್ಟೆಯ ಮುದುಕಿಯರು, ಎಲ್ಲಕ್ಕೂ ಬೆರಳಗಲದ ಕಪ್ಪು ಗೆರೆ. ಬ್ಯಾಡಗಿ ಮೆಣಸಿನಕಾಯಿ ಕಣ್ಣೆದುರೇ ಒಣಗುವುದನ್ನು ನೋಡಿ ಬೆಳೆದವಳು ನಾನು. ಅದನ್ನು ಒಮ್ಮೆಯೂ ಬರೆಯಬೇಕು ಅನ್ನಿಸಲಿಲ್ಲವಲ್ಲ ಎಂದು ಅಲ್ಲೇ ನಿಂತು ಹಲ್ಲು ಕಚ್ಚಿದೆ. ಬುಡಾಪೆಸ್ಟಿನ ಕಲಾಶಾಲೆಯಲ್ಲಿ ಆ ಕಪ್ಪು ಗೆರೆಗಾಗಿ ಅವಳಿಗೆ ಹೆಸರು ಬಂದಿತ್ತಂತೆ. ಆಗಲೇ ಒಬ್ಬ ಇಂಗ್ಲಿಷಿನವನನ್ನು ನಂಬಿ ಲಂಡನ್ನಿಗೆ ಬಂದಳು. ಅವನು ಮೂರು ವರ್ಷಕ್ಕೆ ಬಿಟ್ಟುಹೋದ. ಇವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆಗೆ ಕೆಲಸಕ್ಕೆ ಸೇರಿದಳು. ಇಪ್ಪತ್ತೆರಡು ವರ್ಷ ಹಾಸಿಗೆ ಹೊದಿಕೆ ಒಗೆದಳು.

ಆ ಕಾಲದ ಚಿತ್ರಗಳಲ್ಲಿ ಕಪ್ಪು ಗೆರೆ ಪೂರಾ ಮಾಯ. ಬಿಳಿ, ಬೂದು, ಬಿಳಿಯೊಳಗೆ ಇನ್ನೊಂದು ಬಿಳಿ. ಮಡಿಸಿಟ್ಟ ಹೊದಿಕೆಗಳು, ಹೆಂಗಸರ ತೋಳುಗಳು, ಎಲ್ಲ ಅರ್ಧ ಕರಗಿದಂತೆ.

“ಗೆರೆ ಯಾಕೆ ಬಿಟ್ಟಿರಿ?” ಎಂದೆ.

“ನಾನು ಬಿಡಲಿಲ್ಲ. ಹಬೆಯಲ್ಲಿ ಯಾವುದಕ್ಕೂ ಗೆರೆ ಇರುವುದಿಲ್ಲ.”

ನಂಬುತ್ತೀರೋ ಇಲ್ಲವೋ, ನನಗೆ ಅವಳ ಲಾಂಡ್ರಿಯ ಮೇಲೂ ಹೊಟ್ಟೆಕಿಚ್ಚಾಯಿತು. ಆ ಇಂಗ್ಲಿಷಿನವನು ಬಿಟ್ಟುಹೋದದ್ದರ ಮೇಲೂ ಆಯಿತು. ನಾನೂ ಇಪ್ಪತ್ತು ವರ್ಷ ಈ ದೇಶದಲ್ಲಿ ಬಟ್ಟೆ ಒಗೆದಿದ್ದೇನೆ, ಕುಕ್ಕರಿನ ಹಬೆ ಕುಡಿದಿದ್ದೇನೆ. ನನ್ನ ಹಬೆ ಎಲ್ಲಿಗೆ ಹೋಯಿತು? ಅವಳು ದಿನಕ್ಕೆ ಹತ್ತು ಗಂಟೆ ದುಡಿದು ಬಂದು ಅಡುಗೆಮನೆಯ ಮೇಜಿನ ಮೇಲೆ ಬರೆದಳಂತೆ. ನನಗೆ ಯಾರೂ ಬೇಡ ಅಂದಿರಲಿಲ್ಲ. ಪುರುಸೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ತ್ಯಾಗ ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದೆ.

ಹೊಸ ಕ್ಯಾನ್‌ವಾಸ್ ತರುವ ರೂಢಿ ಅವಳಿಗಿಲ್ಲ. ಹಳೆಯದನ್ನು ಚಪ್ಪಟೆ ಚಾಕುವಿನಿಂದ ಹೆರೆದು, ಬೂದು ಬಣ್ಣ ಹಚ್ಚಿ, ಅದರ ಮೇಲೇ ಬರೆಯುತ್ತಾಳೆ. ಕೆಲವನ್ನು ಎತ್ತಿದರೆ ಹಲಗೆಯಷ್ಟು ಭಾರ. “ಇದರಲ್ಲಿ ಐದು ಇವೆ,” ಎಂದು ತಟ್ಟಿ ತೋರಿಸಿದಳು, ಹುಡುಗಾಟದಂತೆ. ನನ್ನ ಬಿಂದಿಗೆಗಳನ್ನು ನಾನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ.

ಆಮೇಲೆ ಮೂರು ವರ್ಷ ನಾನು ತಿಂಗಳಿಗೊಮ್ಮೆಯಾದರೂ ಮೇಲೆ ಹೋಗುತ್ತಿದ್ದೆ. ಹೋಗಬಾರದು ಎಂದು ಪ್ರತಿಸಲವೂ ನಿಶ್ಚಯಿಸುತ್ತಿದ್ದೆ. ಚಿತ್ರ ಮುಗಿದಾಗ ಬಾಗಿಲು ತಟ್ಟಿ ಅವಳೇ ಕರೆಯುತ್ತಿದ್ದಳು. ನನ್ನನ್ನು ಚಿತ್ರದ ಮುಂದೆ ನಿಲ್ಲಿಸಿ ತಾನು ಕಿಟಕಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಹೊಗಳಿಕೆಗೆ ಕಾಯುತ್ತಿದ್ದಾಳೆ ಎಂದುಕೊಂಡು ನಾನು ಬೇಕೆಂತಲೇ ತಡಮಾಡಿ, “ಪರವಾಗಿಲ್ಲ, ಚೆನ್ನಾಗಿದೆ,” ಎನ್ನುತ್ತಿದ್ದೆ. ಮನೆಗೆ ಬಂದವಳೇ ಅದೇ ರೀತಿ ಬರೆಯಲು ಕದ್ದು ಕೂರುತ್ತಿದ್ದೆ. ನಾನು ಬಸ್ಸಿನ ಕಿಟಕಿ ಕಲಿಯುವಷ್ಟರಲ್ಲಿ ಅವಳು ಬಸ್ಸು ಬಿಟ್ಟು ಬರೀ ಕೈಗಳನ್ನು ಬರೆಯತೊಡಗಿದ್ದಳು: ಸೂಪರ್‌ಮಾರ್ಕೆಟ್ಟಿನ ಹುಡುಗಿಯ ಕೈ, ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವವರ ಕೈ. ನಾನು ಕೈ ಹಿಡಿಯುವಷ್ಟರಲ್ಲಿ ಅವಳು ಹಳದಿಗೆ ಹೋಗಿದ್ದಳು. ಎಲ್ಲ ಚಿತ್ರಕ್ಕೂ ಅರಿಸಿನದಂಥ ಒಂದು ಹಳದಿ ಹಿನ್ನೆಲೆ, ಮುಂದೆ ನಾಲ್ಕೈದು ಗಟ್ಟಿ ಬಣ್ಣದ ಆಕಾರ. ಎಪ್ಪತ್ತು ವರ್ಷದ ಮುದುಕಿ ಹೀಗೆ ಬದಲಾಗುತ್ತಲೇ ಹೋಗುವುದು, ಐವತ್ತರ ನಾನು ಡಿಪ್ಲೊಮಾ ಪರೀಕ್ಷೆಯ ಬಿಂದಿಗೆಯನ್ನೇ ಬೆಳಗುತ್ತ ಕೂರುವುದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮನೆಯಲ್ಲಿ ಹೇಳಿಕೊಂಡೆ. ನಮ್ಮವರು ವಿಜಯಪುರದವರು, ಮಾತು ನೇರ.

“ಆಕಿ ಸುದ್ದಿ ಎಷ್ಟ್ ಮಾಡ್ತೀ? ನಿನ್ನ ಬಿಂದಿಗಿ ಏನ್ ಕಡಿಮಿ ಅದ? ಮುಟ್ಟಿದ್ರ ನೀರು ತುಳಕ್ತಾವು.”

“ಅದಽ ನೋಡ್ರಿ ತ್ರಾಸು. ಬರೇ ನೀರು ತುಳಕ್ತಾವು.”

ಮಗಳು ಫೋನಿನಿಂದ ತಲೆಯೆತ್ತದೆ, “ಅಮ್ಮಾ, ಯು ಆರ್ ಟೋಟಲಿ ಆಬ್ಸೆಸ್ಡ್,” ಎಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಅದೇ ತೊಂದರೆ.

ಹೋದ ವರ್ಷ ಗ್ರಂಥಾಲಯದ ಗೋಡೆಗೆ ನಮ್ಮ ತರಗತಿಯವರ ಚಿತ್ರ ಹಾಕುವುದೆಂದಾಯಿತು. ಒಬ್ಬರಿಗೆ ಒಂದೇ. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಧಾರವಾಡ ಬಿಟ್ಟ ಮೇಲೆ ಎಲ್ಲಿಯೂ ನನ್ನ ಚಿತ್ರ ಗೋಡೆ ಹತ್ತಿರಲಿಲ್ಲ. ನಾನು ನಿಜವಾಗಿ ಚಿತ್ರಗಾರ್ತಿಯೋ, ಅಥವಾ ಒಂದು ಕಾಲಕ್ಕೆ ಡ್ರಾಯಿಂಗ್ ಟೀಚರ್ ಆಗಿದ್ದ ಗೃಹಿಣಿಯೋ, ಆ ಗೋಡೆ ಹೇಳಿಬಿಡುತ್ತದೆ ಎಂದು ನಾನು ನಂಬಿಕೊಂಡೆ.

ಅವಳು ಬಾಗಿಲು ತಟ್ಟಿದಳು. “ಎರಡು ಇವೆ. ನೀನೇ ಆರಿಸಬೇಕು.”

ಒಂದು, ಬಟ್ಟಲಲ್ಲಿಟ್ಟ ಹಣ್ಣುಗಳು. ಸಭ್ಯವಾದ ಚಿತ್ರ, ಯಾರ ಮನೆಯ ಗೋಡೆಗೂ ಸಲ್ಲುವಂಥದ್ದು. ಇನ್ನೊಂದು ಕಿಂಗ್ಸ್‌ಬರಿ ಸ್ಟೇಷನ್ನಿನ ಬೆಂಚು. ಹಳದಿ ಹಿನ್ನೆಲೆ. ಬೆಂಚಿನ ಮೇಲೆ ಮೂವರು ಹೆಂಗಸರು, ಸೀರೆಯ ಮೇಲೆ ದಪ್ಪ ಕೋಟು. ಒಬ್ಬಳ ತೊಡೆಯ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು, ಮಗುವನ್ನು ಹಿಡಿದಂತೆ ಹಿಡಿದಿದ್ದಾಳೆ. ಮುಖಗಳಿಗೆ ಕಣ್ಣು ಮೂಗು ಇಲ್ಲ, ಆದರೂ ಯಾರು ಯಾರೆಂದು ನನಗೆ ಗೊತ್ತಾಯಿತು. ನಡುವಿನವಳು ಈಗಷ್ಟೇ ಏನೋ ಚಾಡಿ ಹೇಳಿ ಮುಗಿಸಿದ್ದಾಳೆ, ಎಡದವಳು ನಂಬಿಲ್ಲ, ಬಲದವಳು ಕೇಳಿಸಿಕೊಂಡೇ ಇಲ್ಲ, ಅವಳಿಗೆ ಊರು ನೆನಪಾಗಿದೆ.

ಅವರು ನನ್ನ ಜನ. ಇಪ್ಪತ್ತಮೂರು ವರ್ಷ ನಾನು ಆ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತಿದ್ದೇನೆ. ಅವರನ್ನು ಬರೆಯಬೇಕಾಗಿದ್ದವಳು ನಾನು. ಒಂದು ಅಕ್ಷರ ಕನ್ನಡ ಬಾರದ, ಗುಜರಾತಿ ಬಾರದ, ಕೊತ್ತಂಬರಿಯನ್ನು ಸೂಪಿನ ಮೇಲೆ ಉದುರಿಸುವ ಸೊಪ್ಪೆಂದಷ್ಟೇ ತಿಳಿದವಳು ಬಂದು ನನ್ನ ಅಂಗಳದಿಂದಲೇ ಎತ್ತಿಕೊಂಡು ಹೋಗಿದ್ದಳು.

“ಹಣ್ಣು ಚೆನ್ನಾಗಿದೆ,” ಎಂದೆ. “ಬೆಂಚು ಇನ್ನೂ ಆಗಿಲ್ಲ. ಆ ಹೆಂಗಸರು ಹಾಗಿರುವುದಿಲ್ಲ. ನನಗೆ ಗೊತ್ತಲ್ಲ, ಅವರು ನಮ್ಮವರು.”

ಅಪ್ಪಟ ಸುಳ್ಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಸರಿ,” ಎಂದಳು. ಕೇಕು ಕೊಟ್ಟಳು.

ಗ್ರಂಥಾಲಯದಲ್ಲಿ ಅವಳ ಹಣ್ಣು, ಪಕ್ಕದಲ್ಲಿ ನನ್ನ ಬಿಂದಿಗೆ. ಬಂದವರು ಹಣ್ಣನ್ನು ದಾಟಿ ಬಿಂದಿಗೆಯ ಮುಂದೆ ನಿಂತರು. ಪಕ್ಕದ ಕೆಂಟನ್ನಿನ ನಮ್ಮ ಕನ್ನಡದ ಗೆಳತಿಯರು ಗುಂಪಾಗಿ ಬಂದು ಫೋಟೋ ತೆಗೆದುಕೊಂಡರು. “ಏನ್ ಕಣ್ರೀ, ಫೋಟೋ ಥರಾನೇ ಇದೆ!” ಎಂದರು ಬೆಂಗಳೂರಿನವರು. ಬಯಸಿದ್ದೆಲ್ಲ ಸಿಕ್ಕಿತ್ತು. ಬಾಯಿಗೆ ಮಾತ್ರ ಉಪ್ಪಿಲ್ಲದ ಸಾರಿನಂತಿತ್ತು. ಹಣ್ಣಿನ ಜಾಗದಲ್ಲಿ ಬೆಂಚಿನ ಚಿತ್ರ ಇದ್ದಿದ್ದರೆ ಇವರೆಲ್ಲ ತಮ್ಮನ್ನೇ ನೋಡಿಕೊಂಡು ಮಾತು ನಿಲ್ಲಿಸುತ್ತಿದ್ದರು ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಎರಡು ವಾರ ಬಿಟ್ಟು ಮೇಲೆ ಹೋದೆ. ನಿಜ ಹೇಳಿಬಿಡಬೇಕು ಎಂದೇ ಹೋದೆ. ಈಸೆಲ್ಲಿನ ಮೇಲೆ ಬೂದು ಬಣ್ಣ ಹಚ್ಚಿದ ಖಾಲಿ ಕ್ಯಾನ್‌ವಾಸಿತ್ತು. ಅಳತೆ ನೋಡಿದೊಡನೆ ಗುರುತು ಸಿಕ್ಕಿತು. ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಉಳಿದಿತ್ತು.

“ಬೆಂಚು?” ಎಂದೆ.

“ಹೆರೆದೆ,” ಎಂದಳು, ಆಲೂಗಡ್ಡೆ ಸಿಪ್ಪೆ ತೆಗೆದೆ ಎನ್ನುವ ಹಾಗೆ.

ಹೇಳಬೇಕೆಂದಿದ್ದನ್ನು ಹೇಳದೆಯೇ ಹಿಂತಿರುಗಿದೆ. ಕೆಳಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತೆ. ಮೂವರು ಹೆಂಗಸರನ್ನು ನಾನು ಕೈಯಾರೆ ಕೊಂದಂತಿತ್ತು. ಅಳುವಿನ ಮಧ್ಯದಲ್ಲೇ ಒಂದು ಸಣ್ಣ ಸಮಾಧಾನ ತಲೆಹಾಕಿತು: ಇನ್ನು ಯಾರೂ ಅದನ್ನು ನೋಡುವುದಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಬಚ್ಚಿಟ್ಟು ಏನಾಗಬೇಕಿದೆ.

ಆ ತಿಂಗಳು ಮುಗಿಯುವುದರೊಳಗೆ ಅವಳು ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ದೃಷ್ಟಿ. ನನ್ನದೇ ದೃಷ್ಟಿ. ಮೊದಲು ಚಿತ್ರಕ್ಕೆ ತಾಗಿತು, ಈಗ ಕೈಗೆ ತಾಗಿದೆ. ಮಗಳು ಚಿಕ್ಕವಳಿದ್ದಾಗ ಅವಳ ಕೆನ್ನೆಗೆ ಕಪ್ಪು ಬೊಟ್ಟಿಡದೆ ಪಾರ್ಕಿಗೆ ಕರೆದೊಯ್ದವಳಲ್ಲ ನಾನು. ಬೇರೆಯವರ ಕಣ್ಣಿಗೆ ಹೆದರಿ ಹೆದರಿ ಬದುಕಿದವಳಿಗೆ ನನ್ನ ಕಣ್ಣೇ ಹಾಗಿರಬಹುದು ಎಂದು ಹೊಳೆದಿರಲಿಲ್ಲ.

“ಆಕಿ ಬಿದ್ದದ್ದು ಬಸ್ಸಿನ ಮೆಟ್ಟಲದಿಂದ,” ಎಂದರು ನಮ್ಮವರು. “ನಿನ್ನ ಕಣ್ಣಿಂದಲ್ಲ. ಹುಚ್ಚಿ.”

ಧಾರವಾಡಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಗೆಳತಿಯೊಬ್ಬಳ ಸಂಗತಿ ಎಂದು ಸುಳ್ಳು ಹೇಳಿ, ದೃಷ್ಟಿ ಹಾಕಿದವಳೇ ತೆಗೆಯಬಹುದೇ ಎಂದು ಕೇಳಿದೆ.

“ಹಾಕಿದಾಕಿನಽ ತಗದ್ರ ಇನ್ನೂ ಛಲೋ,” ಎಂದಳು ಅಮ್ಮ. “ಆದ್ರ ಮನಸಿನ್ಯಾಗ ಅಂದ್ರ ನಡ್ಯಾಂಗಿಲ್ಲ. ಬಾಯಿಬಿಟ್ಟು ಅನ್ನಬೇಕು, ನಂದಽ ಕಣ್ಣು ಹತ್ತೇದ ಅಂತ. ಮೆಣಸಿನಕಾಯಿ ಉರಿಗೆ ಹಾಕಿದಾಗ ಘಾಟು ಬರಲಿಲ್ಲಂದ್ರ ನದರಾಗಿತ್ತು ಅಂತ ತಿಳಿ. ಕೆಮ್ಮು ಬಂತಂದ್ರ ಏನೂ ಆಗಿರಂಗಿಲ್ಲ.” ಫೋನ್ ಇಡುವ ಮೊದಲು, “ನಿನ್ನ ಗೆಳತಿಗೆ ಹೇಳು, ಅಷ್ಟ್ ಹೊಟ್ಟಿಕಿಚ್ಚು ಛಲೋ ಅಲ್ಲಂತ,” ಎಂದಳು.

ಮಾರನೆಯ ದಿನ ಮಧ್ಯಾಹ್ನ ಸ್ಟೀಲಿನ ಬಟ್ಟಲಲ್ಲಿ ಕಲ್ಲುಪ್ಪು, ಸಾಸಿವೆ, ಏಳು ಒಣಮೆಣಸಿನಕಾಯಿ ಹಾಕಿಕೊಂಡು ನಾಲ್ಕನೇ ಮಹಡಿಗೆ ಹೋದೆ. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಾಗಿಲು ತೆಗೆದಳು.

“ನಮ್ಮ ಪದ್ಧತಿ ಒಂದಿದೆ. ಕೂತುಕೊಳ್ಳಿ. ಏನೂ ಕೇಳಬೇಡಿ,” ಎಂದೆ.

ಕೂತಳು. ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿದೆ, ತಲೆಯಿಂದ ಪಾದದವರೆಗೆ. ಮುರಿದ ಕೈಗೆ ಬೇರೆಯಾಗಿ ಇನ್ನೊಂದು ಸಲ. ಬಾಯಿಬಿಟ್ಟು ಅನ್ನಬೇಕಾದದ್ದನ್ನು ಕನ್ನಡದಲ್ಲೇ ಅಂದು ಪಾರಾಗಬಹುದಿತ್ತು, ಹಾಗೇ ಮಾಡಿದೆ ಕೂಡ. ಆಮೇಲೆ ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಅವಳ ಹಳೆಯ ಬಾಣಲೆಯಿಟ್ಟು ಎಲ್ಲವನ್ನೂ ಸುರಿದೆ.

ಘಾಟು ಬಂತು. ಎಂಥ ಘಾಟು! ಇಬ್ಬರೂ ಕೆಮ್ಮಿ ಕೆಮ್ಮಿ ಬಗ್ಗಿಹೋದೆವು. ಹೊಗೆಯ ಅಲಾರಂ ಕಿರುಚತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ಲಿನಿಂದ ಬೀಸಿದೆ, ಅವಳು ಎಡಗೈಯಲ್ಲಿ ಕಿಟಕಿ ತೆರೆದಳು. ಕಿಟಕಿಯ ಹೊರಗೆ ತಲೆಯಿಟ್ಟು ಇಬ್ಬರೂ ಕಣ್ಣು ಮೂಗು ಒರೆಸಿಕೊಂಡೆವು. ಅಮ್ಮನ ಲೆಕ್ಕದಲ್ಲಿ ದೃಷ್ಟಿಯೇ ಆಗಿರಲಿಲ್ಲ. ಸಮಾಧಾನವಾಗಬೇಕಿತ್ತು. ನನ್ನ ಕಣ್ಣಿಗೆ ಅಷ್ಟು ಶಕ್ತಿಯೂ ಇಲ್ಲವಲ್ಲ ಎಂದು ಬೇಜಾರಾಯಿತು, ನೋಡಿ ನನ್ನ ಬುದ್ಧಿ.

“ಇದು ಕಣ್ಣಿಗೆ ಅಲ್ಲವೇ?” ಎಂದಳು ಅವಳು. “ನಮ್ಮಲ್ಲೂ ಇದೆ. ಅಜ್ಜಿ ನೀರಿಗೆ ಕೆಂಡ ಹಾಕಿ, ಆ ನೀರಿನಿಂದ ನನ್ನ ಮುಖ ಒರೆಸುತ್ತಿದ್ದಳು. ಯಾರ ಕಣ್ಣು?”

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. “ನನ್ನದು,” ಎಂದೆ. “ಬೆಂಚು ಆಗಿಲ್ಲ ಎಂದು ಸುಳ್ಳು ಹೇಳಿದೆ. ನೀವು ಬರೆದದ್ದರಲ್ಲೆಲ್ಲ ಅದೇ ದೊಡ್ಡದು. ನಾನು ನೋಡಲಾರದೆ ಸುಳ್ಳು ಹೇಳಿದೆ. ನೀವು ನಂಬಿ ಹೆರೆದುಬಿಟ್ಟಿರಿ.”

ಅವಳು ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.

“ನಿನ್ನ ಮಾತು ಯಾರು ನಂಬಿದರು? ನಾನು ನಿನ್ನ ಮುಖ ನೋಡುತ್ತೇನೆ. ಮಾತು ಬೇಡ. ಮೂರು ವರ್ಷದಿಂದ ನೋಡುತ್ತಿದ್ದೇನೆ. ಚಿತ್ರ ಸುಮಾರಾಗಿದ್ದರೆ ನೀನು ನಗುತ್ತೀ, ಒಳ್ಳೆಯ ಮಾತು ಹೇಳುತ್ತೀ. ಚಿತ್ರ ಆಗಿದ್ದರೆ ನಿನ್ನ ಮುಖ ಹೀಗಾಗುತ್ತದೆ.” ತುಟಿ ಬಿಗಿದು, ಮೂಗಿನ ಹೊಳ್ಳೆ ಅರಳಿಸಿ ತೋರಿಸಿದಳು. ಥೇಟ್ ನಾನೇ. “ಬಸ್ಸಿಗೆ ಹಾಗಾಯಿತು. ಕೈಗಳಿಗೆ ಹಾಗಾಯಿತು. ಬೆಂಚಿಗೆ ಆದಷ್ಟು ಯಾವತ್ತೂ ಆಗಿರಲಿಲ್ಲ. ಆಗ ನನಗೆ ಗೊತ್ತಾಗುತ್ತದೆ. ಇದು ಬಂತು, ಮುಗಿಯಿತು, ಇನ್ನು ಬೇರೆ ಕಡೆ ಹೋಗಬೇಕು. ಬಂದದ್ದನ್ನೇ ಮತ್ತೆ ಮಾಡಿದರೆ ನಾನು ಸತ್ತೆ.”

“ಅದಕ್ಕೆ ಹೆರೆದುಬಿಡುವುದೇ?”

“ಕ್ಯಾನ್‌ವಾಸ್ ಬೇಕಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವರ್ಷ ನಾನು ಉರಿದದ್ದು ಇವಳಿಗೆ ಅಡುಗೆಯವರು ಅನ್ನದ ಅಗುಳು ಹಿಚುಕಿ ನೋಡುವ ಹಾಗೆ ಉಪಯೋಗಕ್ಕೆ ಬಿದ್ದಿತ್ತು. ಎದ್ದು ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಒಳಗೆಲ್ಲೋ ಹೆಮ್ಮೆಯೂ ಆಗಿತ್ತು. ಕೋಲಿನಂಥ ಹುಡುಗನ ಮೌನವನ್ನಲ್ಲ, ಅವಳು ನಂಬಿದ್ದು ನನ್ನ ಮುಖವನ್ನು.

“ನಿನ್ನ ಚಿತ್ರ ಯಾರಿಗೆ ತೋರಿಸುತ್ತೀ?” ಎಂದಳು.

“ಗಂಡನಿಗೆ, ಮಗಳಿಗೆ. ಗೆಳತಿಯರಿಗೆ.”

“ಅವರು ನಿನ್ನನ್ನು ಪ್ರೀತಿಸುತ್ತಾರೆ. ಪ್ರಯೋಜನವಿಲ್ಲ.”

ಆ ಮಾತು ನನ್ನೊಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಬಿಂದಿಗೆಗಳನ್ನೆಲ್ಲ ಕಟ್ಟಿ ಮಂಚದ ಕೆಳಗೆ ತಳ್ಳಿದೆ. ಏನು ಬರೆಯಬೇಕೆಂದು ಒಂದು ತಿಂಗಳು ತೋಚಲಿಲ್ಲ. ದಸರೆಗೆ ಕೆಂಟನ್ನಿನ ಹಾಲಿನಲ್ಲಿ ನಮ್ಮವರೆಲ್ಲ ಸೇರಿದ್ದೆವು. ಒಳಗೆ ಹಾಡು, ಕೋಸಂಬರಿ, ಗದ್ದಲ. ಕೊಡೆ ಬಿಟ್ಟುಬಂದಿದ್ದೆನೆಂದು ಹೊರಗೆ ಬಂದವಳು ಬಾಗಿಲ ಬಳಿ ಬಿಟ್ಟ ಚಪ್ಪಲಿ, ಬೂಟುಗಳ ರಾಶಿಯ ಮುಂದೆ ನಿಂತುಬಿಟ್ಟೆ. ಒದ್ದೆ ಬೂಟುಗಳು, ಮಕ್ಕಳ ಮಿಂಚುವ ಶೂಗಳು, ಯಾವುದೋ ಅಜ್ಜಿಯ ಹವಾಯಿ ಚಪ್ಪಲಿ, ಅದರ ಪಟ್ಟಿಗೆ ಸೇಫ್ಟಿಪಿನ್. ಒಂದರ ಮೇಲೊಂದು ಬಿದ್ದು, ಒಂದರ ಬಾಯಿಯೊಳಗೆ ಇನ್ನೊಂದು ಮೂಗು ತೂರಿಸಿ. ಇದು ನನ್ನದು ಅನ್ನಿಸಿತು. ಇದನ್ನು ಅವಳು ನೋಡಿಲ್ಲ.

ನಾಲ್ಕು ತಿಂಗಳು ಬರೆದೆ. ಊಟದ ಮೇಜೇ ಸ್ಟುಡಿಯೋ ಆಯಿತು. ಮನೆಯವರು ತಟ್ಟೆ ಹಿಡಿದುಕೊಂಡು ಸೋಫಾದಲ್ಲಿ ತಿಂದರು. ಮೊದಲ ಸಲ ಚಂದವಾಗಿ ಹೊಳೆಯಿತು, ಹೆರೆದೆ. ಎರಡನೆಯದು ಅವಳದರಂತಾಯಿತು, ಅದನ್ನೂ ಹೆರೆದೆ. ಮೂರನೆಯದರಲ್ಲಿ ಬಣ್ಣ ಒದ್ದೆಯಾಯಿತು, ತೊಗಲು ತೊಗಲಾಯಿತು, ಅಜ್ಜಿಯ ಚಪ್ಪಲಿ ಒಂಟಿಯಾಗಿ ಅಂಚಿಗೆ ಸರಿದು ಕೂತಿತು. ಕೈಯಿಟ್ಟ ಕಡೆ ಕೈ ನಿಂತಿತು. ಇಷ್ಟು ವರ್ಷದಲ್ಲಿ ಅಂಥ ಖುಷಿ ಕಂಡಿರಲಿಲ್ಲ ನಾನು. ಮಗಳು ಒಂದು ದಿನ ಹಿಂದೆ ಬಂದು ನಿಂತು, ಅಪರೂಪಕ್ಕೆ ಕನ್ನಡದಲ್ಲೇ, “ಅಮ್ಮಾ, ಇದು ಬ್ಯಾರೆ ಅದ,” ಎಂದಳು.

ಹೋದ ಭಾನುವಾರ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮೇಲೆ ತೆಗೆದುಕೊಂಡು ಹೋದೆ. ಅವಳ ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಗಿತ್ತು; ಎಡಗೈಯಲ್ಲಿ ಬರೆಯಲು ಶುರುಮಾಡಿದವಳು ಬಲಗೈ ಸರಿಯಾದ ಮೇಲೂ ಎಡಗೈಯನ್ನೇ ಮುಂದುವರಿಸಿದ್ದಳು, ಗೆರೆಗಳು ಮತ್ತೆ ಬಂದಿದ್ದವು, ನಡುಗುವ ತೆಳು ಗೆರೆಗಳು. ಅವುಗಳ ಕಡೆ ನೋಡಬಾರದೆಂದು ನಿರ್ಧರಿಸಿದ್ದೆ. ಅವಳನ್ನು ನಡುವೆ ನಿಲ್ಲಿಸಿ, ಬೆಡ್‌ಶೀಟ್ ತೆಗೆದು, ನಾನು ಕಿಟಕಿಯ ಪಕ್ಕ ಸರಿದೆ. ಚಿತ್ರದ ಕಡೆ ಕಣ್ಣು ಹಾಯಿಸಲಿಲ್ಲ. ಅವಳ ತುಟಿ ನೋಡಿದೆ. ಮೂಗಿನ ಹೊಳ್ಳೆ ನೋಡಿದೆ.

ಬಹಳ ಹೊತ್ತು ನೋಡಿದಳು. ಹತ್ತಿರ ಹೋಗಿ ಬಗ್ಗಿ ನೋಡಿದಳು, ದೂರ ಬಂದು ನೋಡಿದಳು. ಆಮೇಲೆ ಅವಳ ಮುಖ ಅಗಲವಾಗಿ ಅರಳಿತು. ಕಣ್ಣಂಚಿನಲ್ಲಿ ನೀರು ಕೂಡ ಬಂತು.

“ಸುಂದರ,” ಎಂದಳು. “ತುಂಬ ಸುಂದರ. ನಿನ್ನ ಬಗ್ಗೆ ನನಗೆ ಎಷ್ಟು ಸಂತೋಷ ಗೊತ್ತಾ!”

ಎರಡೂ ಕೈಯಿಂದ ತಬ್ಬಿಕೊಂಡಳು. ಅದರಲ್ಲಿ ನಟನೆ ಒಂದಿಷ್ಟೂ ಇರಲಿಲ್ಲ. ನಾನು ಹುಡುಕಿದೆ, ತೋಳು ಸಡಿಲಿಸಿದ ಕೂಡಲೇ ಅವಳ ತುಟಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಮತ್ತೆ ಹುಡುಕಿದೆ. ಬರೀ ಸಂತೋಷವೇ ಇತ್ತು. ಕೇಕು ಕೊಟ್ಟಳು, ದೊಡ್ಡ ಹೋಳು. ತಿಂದೆ.

ಚಿತ್ರ ಹಿಡಿದುಕೊಂಡು ಮೆಟ್ಟಿಲಿಳಿದು ಬಂದೆ. ನಮ್ಮವರು ಬಾಗಿಲು ತೆಗೆಯುತ್ತಲೇ, “ಏನಂದ್ಲು?” ಎಂದರು.

“ಭಾಳ ಛಂದ ಆಗೇದ ಅಂದ್ಲು. ಖರೇನಽ ಮನಸಿನಿಂದ ಅಂದ್ಲು.”

“ನಾ ಹೇಳಿದ್ನಿಲ್ಲೋ!” ಎಂದು ಚಿತ್ರವನ್ನು ನನ್ನ ಕೈಯಿಂದ ಇಸಿದುಕೊಂಡು, ಎಲ್ಲಿ ನೇತುಹಾಕಬಹುದೆಂದು ಗೋಡೆಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದವರು ಚಿತ್ರವನ್ನು ಮೆಲ್ಲಗೆ ಕೆಳಗಿಟ್ಟರು.

“ಛಲೋ ಅಂದ್ಲಲ್ಲ? ಮತ್ತ್ಯಾಕ ಅಳ್ಲಿಕ್ಕತ್ತಿ?”